ಬರಲಿರುವ ಊರಿನ ಕೌದಿ

ನಮ್ಮೂರಿಗೆ ಬರುವ ನೆಂಟರು ತಮ್ಮ ಕೌದಿಯನ್ನು ತಾವೇ ತರಬೇಕು. ಹಣ್ಣು, ಹೂವು ಮರೆತು ಬಂದರೂ ನಡೆಯುತ್ತದೆ, ಕೌದಿ ಮರೆತರೆ ಕಷ್ಟ. ಹಿಂದೊಮ್ಮೆ ಸೇತುವೆಯ ಅಳತೆಗೆಂದು ಬಂದ ಸಾಹೇಬರೊಬ್ಬರು ಈ ಮಾತಿಗೆ ನಕ್ಕು, ಖಾನಾವಳಿಯವನು ಕೊಟ್ಟ ಕೌದಿಯನ್ನೇ ಹೊದ್ದು ಮಲಗಿದರು. ಬೆಳಿಗ್ಗೆ ಎದ್ದವರು ಖಾನಾವಳಿಯವನ ತೀರಿಹೋದ ಹೆಂಡತಿಯ ಹೆಸರು ಹಿಡಿದು ಬಿಕ್ಕಿ ಬಿಕ್ಕಿ ಅತ್ತರಂತೆ. ಅವರನ್ನು ಸಮಾಧಾನ ಮಾಡಬೇಕೋ ಹೊಡೆಯಬೇಕೋ ತಿಳಿಯದೆ ಖಾನಾವಳಿಯವನು ಚಹಾ ಕಾಸಿಕೊಟ್ಟನಂತೆ.

ಇಲ್ಲಿ ಕನಸು ತಾನಾಗಿ ಬೀಳುವುದಿಲ್ಲ. ಕೌದಿಯಲ್ಲಿ ಏನು ಹೊಲಿದಿದೆಯೋ ಅದೇ ಬೀಳುತ್ತದೆ. ಗಂಡ ಹೆಂಡತಿ ಜಗಳವಾಡಿದರೆ ಮೊದಲು ಕೌದಿ ಬೇರೆಯಾಗುತ್ತದೆ, ಒಲೆ ಆಮೇಲೆ. ಶಾಲೆಯ ಮಾಸ್ತರರು ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ಕೂತ ತರಗತಿಯನ್ನು ಹೊಲಿಸಿಕೊಂಡಿದ್ದಾರೆ. ಪೇಟೆಯ ತುಂಗಕ್ಕ ತನ್ನ ಅತ್ತೆ ತನಗೆ ಎಣ್ಣೆ ಹಚ್ಚಿ ಎರೆಯುವುದನ್ನು ಹೊಲಿಸಿಕೊಂಡಳು. ಆ ಅತ್ತೆ ಬದುಕಿದ್ದಾಗ ಅವಳಿಗೆ ಒಂದು ಲೋಟ ನೀರು ಕೊಟ್ಟವಳಲ್ಲ. ಈಗ ಸತ್ತು ಹೋಗಿದ್ದಾಳೆ. ತುಂಗಕ್ಕ ಮಾತ್ರ "ಪಾಪ, ಎಷ್ಟ್ ಚಂದ ಎರೀತಿದ್ದಳು ನಮ್ಮತ್ತಿ" ಎಂದು ಕಣ್ಣೊರೆಸಿಕೊಳ್ಳುತ್ತಾಳೆ.

ಈ ಕೌದಿಗಳನ್ನೆಲ್ಲ ಹೊಲಿಯುವವರು ನಾವು, ಮೇಲಿನ ಕೇರಿಯ ಸಿದ್ದಿ ಹೆಂಗಸರು. ಅಂಚಿನಿಂದ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತೇವೆ. ಹೊಲಿಯುವಾಗ ಹಾಡಬೇಕು. ಹಾಡು ಬೀಳದ ಹೊಲಿಗೆಯಲ್ಲಿ ಬಟ್ಟೆ ಇರುತ್ತದೆ, ಕನಸಿರುವುದಿಲ್ಲ. ಹೊದ್ದು ಮಲಗಿದವರು ಕನಸಿನೊಳಗೆ ತಾವಾಗಿಯೇ ಹೋಗುತ್ತಾರೆ. ಬೇರೆ ಯಾರನ್ನಾದರೂ ಅಲ್ಲಿ ಕೂರಿಸಬೇಕೆಂದರೆ ಅವರು ಉಟ್ಟು ಬೆವರಿದ ಬಟ್ಟೆಯ ತುಂಡೊಂದು ಬೇಕು. ಮತ್ತೆ, ಹೊಲಿಯುವ ಜಾಗ ನಾವು ಕಂಡದ್ದಿರಬೇಕು, ಇಲ್ಲವೇ ಕಂಡವರಿಂದ ಕೇಳಿದ್ದು. ಇಷ್ಟೇ ನಮ್ಮ ಕಸುಬು. ಹೊಲಿದ ಕೌದಿಯನ್ನು ಮಡಚಿ, ತಲೆಯ ಮೇಲೆ ಹೊತ್ತು, ಪೇಟೆಯ ಮನೆಗಳ ಹಿತ್ತಲ ಬಾಗಿಲಿಗೆ ಕೊಟ್ಟು ಬರುತ್ತೇವೆ. ಅವರ ಕನಸಿನ ಪಡಸಾಲೆಗಳನ್ನು ಎಳೆಎಳೆಯಾಗಿ ಬಲ್ಲ ನಾವು ಅವರ ನಿಜವಾದ ಪಡಸಾಲೆಗೆ ಕಾಲಿಟ್ಟಿಲ್ಲ.

ನಮ್ಮ ಮನೆಗಳಲ್ಲಿ ಇರುವುದು ಒಂದೇ ಕೌದಿ. ಹಡಗು. ಪ್ರತಿ ಮನೆಯಲ್ಲೂ ಅದೇ. ನಮ್ಮ ಹಿರಿಯರನ್ನು ಸಮುದ್ರದಾಚೆಯಿಂದ ತಳದಲ್ಲಿ ತುಂಬಿ ತಂದು, ಬಂದರಿನಲ್ಲಿ ಹಲ್ಲು ಎಣಿಸಿ ಮಾರಿದ ಹಡಗು. ಅದನ್ನು ಮರೆಯಬಾರದೆಂದು ಯಾರೋ ಮೊದಲ ಅಜ್ಜಿ ಹೊಲಿದಳು, ಆಮೇಲಿನವರೆಲ್ಲ ಹಾಗೆಯೇ ಹೊಲಿಯುತ್ತ ಬಂದರು. ಕೇರಿಯಲ್ಲಿ ಯಾರು ಸತ್ತರೂ ಅವರ ಬಟ್ಟೆಯ ಒಂದು ತುಂಡು ಅವರ ಮನೆಯ ಕೌದಿಯೊಳಗೆ, ಹಡಗಿನ ತಳಕ್ಕೆ ಸೇರುತ್ತದೆ. ಉಳಿದದ್ದು ಅವರ ಜೊತೆಗೇ ಮಣ್ಣಿಗೆ. ಯಾರ ಮನೆಯಲ್ಲಿ ಹೊದ್ದರೂ ಹಡಗು ಒಂದೇ, ಅಲ್ಲಿ ಇಡೀ ಕೇರಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತದೆ, ಸತ್ತವರು, ಬದುಕಿದವರು ಎಲ್ಲ. ಬೆಳಿಗ್ಗೆ ಎದ್ದಾಗ ತುಟಿಯ ಮೇಲೆ ಉಪ್ಪು. ಬಾಗಿಲು ತೆರೆದು ನೆರೆಯವರನ್ನು ಕಂಡರೆ "ಇಳಿದಿ?" ಎಂದು ಕೇಳುತ್ತೇವೆ, "ಇಳಿದೆ" ಎನ್ನುತ್ತಾರೆ. ಅದೇ ನಮ್ಮ ನಮಸ್ಕಾರ.

ನನ್ನ ಹೆಸರು ನತಾಲಿನ. ಕೇರಿಗೆ ನತ್ತು. ನನ್ನನ್ನು ಸಾಕಿದ್ದು ಪಿಯಾದಜ್ಜಿ. ಅವಳು ಕಥೆಯ ಮೇಲೆ ಕಥೆ ಹೇಳುತ್ತಿದ್ದಳು. "ಇದ್ದಳೋ ಇಲ್ಲೋ ನಾ ಅರಿಯೆ, ಆದ್ರ ಹಸಿದಿದ್ದಳು ಅನ್ನೋದು ಖರೆ" ಎಂದು ಶುರುಮಾಡಿದಳೆಂದರೆ ಅಕ್ಕಿ ಬೆಂದು ಗಂಜಿಯಾದರೂ ನಿಲ್ಲಿಸುತ್ತಿರಲಿಲ್ಲ. ಒಬ್ಬಳು ಹುಡುಗಿ ಬಾಯಾರಿ ಬಿಸಿಲನ್ನೇ ಕುಡಿದಳಂತೆ, ಕುಡಿದು ಕುಡಿದು ಮೈ ಕಪ್ಪಾಯಿತಂತೆ, ನಮ್ಮ ಮೈಯಲ್ಲಿರುವುದು ಅದೇ ಬಿಸಿಲಂತೆ. ಹೋದ ವರ್ಷ, ಸೂಜಿಗೆ ದಾರ ಪೋಣಿಸುತ್ತ ಕೂತವಳು ಕೂತಲ್ಲೇ ಹೋದಳು.

ಪಕ್ಕದ ಮನೆಯ ಇಸಬಕ್ಕ ಬಂದು ಅಜ್ಜಿಯ ನೀಲಿ ಚೌಕಡಿ ಸೀರೆಯ ಒಂದು ತುಂಡನ್ನು ನಮ್ಮ ಕೌದಿಯ ಹಡಗಿಗೆ ಹೊಲಿದಳು. ಕೇರಿಯಲ್ಲಿ ಸತ್ತವರನ್ನು ಹಡಗು ಹತ್ತಿಸುವ ಕೈ ಅವಳದೇ. ಆವತ್ತಿನಿಂದ ಕಣ್ಣು ಮುಚ್ಚಿದರೆ ಅಜ್ಜಿ ನನ್ನ ಪಕ್ಕದಲ್ಲೇ ಇದ್ದಳು. ಆದರೆ ಹಡಗಿನ ತಳದಲ್ಲಿ ಮಾತಿಲ್ಲ. ಹಡಗು ಹೊಲಿಯುವಾಗಿನ ಹಾಡಿನಲ್ಲೇ ಮಾತಿಲ್ಲ, ಬರೀ ಹೂಂ ಹೂಂ ಎಂಬ ಗುನುಗು. ನನ್ನ ಅಜ್ಜಿ, ಕೋಳಿಗೂ ಕಥೆ ಹೇಳುತ್ತಿದ್ದವಳು, ಮೊಣಕಾಲು ಎದೆಗೊತ್ತಿಕೊಂಡು ಬಾಯಿ ಮುಚ್ಚಿ ಕೂತಿರುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಳ್ಳುತ್ತಿದ್ದೆ. ಕೈ ತಣ್ಣಗಿರುತ್ತಿತ್ತು. ಇದನ್ನು ಎಷ್ಟು ಕಾಲ ನೋಡಲಿ? ಅವಳನ್ನು ಅಲ್ಲಿಂದ ಎಬ್ಬಿಸಬೇಕು ಅನ್ನಿಸಿತು. ಎಬ್ಬಿಸಿ ಎಲ್ಲಿಗೆ ಕರೆದೊಯ್ಯಲಿ? ನಮ್ಮ ಕೇರಿಯಲ್ಲಿ ಬೇರೆ ಚಿತ್ರವೇ ಇಲ್ಲ.

ಹಾಗಾಗಿ ನಾನು ಒಂದು ಊರು ಹೊಲಿಯಲು ಕೂತೆ. ಯಾರೂ ಕಂಡಿರದ, ಯಾರಿಂದಲೂ ಕೇಳಿರದ ಊರು. ಇನ್ನೂ ಬಂದಿಲ್ಲದ್ದು.

ಪೇಟೆಯವರು ತಮ್ಮ ಕೌದಿಗಳಲ್ಲಿ ಕಪ್ಪು ಬಟ್ಟೆ ಬೇಡವೆನ್ನುತ್ತಾರೆ, ಕೂದಲಿಗೆ, ದೃಷ್ಟಿಬೊಟ್ಟಿಗೆ ಬಿಟ್ಟರೆ. ಹಾಗಾಗಿ ಕಪ್ಪು ಚೂರುಗಳು ನಮ್ಮ ಮನೆಗಳಲ್ಲಿ ರಾಶಿ ಬಿದ್ದಿರುತ್ತವೆ. ನಾನು ಅದರಲ್ಲೇ ಆ ಊರಿನ ಬಿಸಿಲನ್ನು ಹೊಲಿದೆ. ಇಸಬಕ್ಕ ಜಗಲಿಗೆ ಬಂದು ಇಣುಕಿದಳು.

"ಇದೇನ ಇದು?"

"ಬಿಸಿಲು."

"ಬಿಸಿಲನ್ನ ಕರಿ ಬಟ್ಟಿಲೆ ಹೊಲಿತಾರೇನ ಹುಚ್ಚೀ? ಕತ್ತಲಿ ಯಾವುದರಾಗ ಹೊಲಿತಿ ಮತ್ತ, ಹಳದಿದರಾಗ?"

"ಕತ್ತಲಿ ಇನ್ನೂ ಯೋಚನೆ ಮಾಡಿಲ್ಲಕ್ಕ."

"ಪಿಯಾದಜ್ಜಿ ಕಥಿ ಹೇಳಿ ಹೇಳಿ ನಿನ್ನ ತಲಿ ಸಡ್ಲ ಮಾಡಿ ಹೋದಳು ನೋಡು" ಎಂದು ನಕ್ಕು, ಆದರೂ ಕೂತು, ಒಂದು ಕಪ್ಪು ಚೂರನ್ನು ಬೆರಳಲ್ಲಿ ಸವರಿ ನೋಡಿ ಹೋದಳು.

ಆ ಊರಿನ ಮನೆಗಳಿಗೆ ಹಿತ್ತಲ ಬಾಗಿಲೇ ಇಡಲಿಲ್ಲ. ಎಲ್ಲ ಬಾಗಿಲೂ ಬೀದಿಗೆ. ಒಂದು ಅಂಚೆ ಕಚೇರಿ ಇಟ್ಟೆ, ನಮ್ಮಂಥ ಗುಂಗುರು ಕೂದಲಿನವಳು ಕೂರಲೆಂದು ಕಟ್ಟೆಯ ಆಚೆಗೆ ಎತ್ತರದ ಕುರ್ಚಿ ಹಾಕಿದೆ. ಶಾಲೆ ಇಟ್ಟೆ, ಮುಂದಿನ ಬೆಂಚನ್ನು ಉದ್ದ ಮಾಡಿದೆ. ಎಡಗಡೆಯ ಮೂಲೆಗೆ ಸಮುದ್ರ ಬಂತು. ಅದನ್ನು ಬಿಡಲಾಗಲಿಲ್ಲ. ಆದರೆ ಅಲ್ಲಿಯ ದೋಣಿಗಳಿಗೆ ಮೆಟ್ಟಿಲು ಹಾಕಿದೆ, ಬೇಕಾದವರು ಹತ್ತಲು, ಬೇಕಾದಲ್ಲಿ ಇಳಿಯಲು. ಅಂಥ ಊರಿನ ಹಾಡು ಯಾರಲ್ಲೂ ಇರಲಿಲ್ಲವಾದ್ದರಿಂದ ಕಟ್ಟಿಕೊಳ್ಳಬೇಕಾಯಿತು. ಮೊದಲ ಸಾಲು ಸಿಗಲು ಎಷ್ಟೋ ದಿನ ಸೂಜಿ ಸುಮ್ಮನೆ ನಿಂತಿತ್ತು. ಆಮೇಲೊಂದು ಮಧ್ಯಾಹ್ನ ಪೇಟೆಯಿಂದ ಬರಿಗೈಲಿ ವಾಪಸು ಬರುತ್ತಿದ್ದಾಗ ಬಾಯಿಗೆ ಬಂತು: "ಬರೋ ಊರೇ, ಬರೋ ಊರೇ, ನಿನ್ನ ಬೀದಿಗೆ ಹೆಸರಿಲ್ಲ, ಹೆಸರ ಕೇಳಿ ತಡೆವ ಕೋಲಿಗೆ ಅಲ್ಲಿ ನೆರಳಿಲ್ಲ. ಬೆಲಿ ಕೇಳೋರಿಲ್ಲ ಅಲ್ಲಿ, ನೀರು ಬೇಕೇನಂತಾರ, ಕುಡಿದು ಮುಗಿಸೋತನಕ ಚೊಂಬು ಹಿಡಿದು ನಿಲ್ತಾರ." ಇಷ್ಟು ಹಾಡಿದ್ದೇ ಸೂಜಿ ಓಡತೊಡಗಿತು.

ಕೌದಿ ಮುಗಿದ ದಿನ ಅದನ್ನೇ ಹೊದ್ದು ಮಲಗಿದೆ. ಊರು ಇತ್ತು. ನಾನು ಹೊಲಿದ ಹಾಗೆಯೇ ಇತ್ತು, ಅದಕ್ಕಿಂತ ಚಂದ ಇತ್ತು. ಕಪ್ಪು ಬಿಸಿಲು ಎಷ್ಟು ತಂಪಾಗಿತ್ತೆಂದರೆ ಅದರಲ್ಲಿ ಕೈ ತೊಳೆಯಬಹುದಿತ್ತು. ಬೀದಿಯ ನಡುವೆಯೇ ನಡೆದೆ. ಮನೆಯೊಂದರ ಮುಂಬಾಗಿಲಿಂದ ಒಳಗೆ ಹೋದೆ, ಪಡಸಾಲೆಯಲ್ಲಿ ಕೂತೆ. ಅಂಚೆ ಕಚೇರಿಗೆ ಹೋದೆ. ಶಾಲೆಯ ಮುಂದಿನ ಬೆಂಚಿನಲ್ಲಿ ಕೂತೆ. ಯಾರೂ ಏಳು ಅನ್ನಲಿಲ್ಲ. ಅನ್ನಲು ಯಾರೂ ಇರಲಿಲ್ಲ.

ಆಗ ಹೊಳೆಯಿತು. ಬಿಸಿಲು, ಬಾಗಿಲು, ಬೆಂಚು, ಮೆಟ್ಟಿಲು ಎಲ್ಲ ಹೊಲಿದವಳು ಮನುಷ್ಯರೊಬ್ಬರನ್ನೂ ಹೊಲಿದಿರಲಿಲ್ಲ. ಹೊಲಿಯುವುದಾದರೂ ಹೇಗೆ? ಇನ್ನೂ ಹುಟ್ಟದವರು ಉಟ್ಟ ಬಟ್ಟೆ ಎಲ್ಲಿ ಸಿಗುತ್ತದೆ? "ಯಾರರ ಅದೀರೇನು?" ಎಂದು ಕೂಗಿದೆ. ಕೂಗು ಬೀದಿಯ ತುದಿಯವರೆಗೆ ಹೋಗಿ, ಅಂಚಿಗೆ ತಾಗಿ, ನನ್ನ ಹತ್ತಿರವೇ ವಾಪಸು ಬಂತು. ಬೆಳಗಾಗುವವರೆಗೂ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದೆ.

ಬೆಳಿಗ್ಗೆ ಬಾಗಿಲು ತೆರೆದರೆ ಎದುರು ಮನೆಯ ಬಸ್ತ್ಯಾಂವ ಮಾವ ತನ್ನ ಡಮಾಮಿ ಡೋಲಿನ ಚರ್ಮವನ್ನು ಎಳೆಬಿಸಿಲಿಗೆ ಹಿಡಿದಿದ್ದ.

"ಇಳಿದಿ?" ಅಂದ.

ನನ್ನ ತುಟಿಯಲ್ಲಿ ಉಪ್ಪಿರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ. ಅವನು ಡಮಾಮಿಯನ್ನು ಕೆಳಗಿಟ್ಟ.

"ಅಂದ್ರ ಖರೇನ ನೀ ಹತ್ತಿರಲಿಲ್ಲ. ನಾ ಅನ್ಕೊಂಡೆ, ಕತ್ತಲ್ಯಾಗ ಕಾಣವಲ್ಲಳು ಅಂತ. ಯಾರ ಕೌದಿ ಹೊದ್ದಿದ್ದಿ? ಪೇಟೆಯವರದ?"

"ಇಲ್ಲ ಮಾವ. ನಂದೇ. ನಾನೇ ಹೊಲಿದದ್ದು."

"ಛಲೋ ಇತ್ತೇನ?"

"ಛಲೋ ಇತ್ತು. ಯಾರೂ ಇರಲಿಲ್ಲ."

"ಯಾರೂ ಇಲ್ಲದ ಊರು ಛಲೋನ ಇರ್ತದ. ನಾ ಇದ್ದೆ ಅಂದ್ರ ಅದೂ ಕೆಡತಿತ್ತು" ಎಂದು ನಗಿಸಲು ನೋಡಿದ. ನಾನು ನಗದಿದ್ದಾಗ ದನಿ ಇಳಿಸಿದ. "ಪಿಯಾದಜ್ಜಿ ಪಕ್ಕದ ಜಾಗ ಖಾಲಿ ಇತ್ತು, ನತ್ತು. ಮುದುಕಿ ಹಂಗ ಕೈಯಾಡಿಸಿ ಆಡಿಸಿ ಹುಡುಕ್ತಿತ್ತು. ನಾ ಕೈ ಕೊಟ್ಟೆ. ಇದಲ್ಲ ಅನ್ನೋ ಹಂಗ ಬಿಟ್ಟುಬಿಟ್ಟಳು."

ಆ ಮಾತು ನನ್ನನ್ನು ಅಲ್ಲಿ ನಿಲ್ಲಗೊಡಲಿಲ್ಲ. ಒಳಗೆ ಬಂದು ಹಡಗಿನ ಕೌದಿಯನ್ನು ನೆಲದ ಮೇಲೆ ಹರಡಿದೆ. ನೀಲಿ ಚೌಕಡಿಯ ತುಂಡು, ಅಂಗೈಯಷ್ಟು, ಕಂದು ಬಟ್ಟೆಗಳ ನಡುವೆ. ಆ ಹೊಲಿಗೆಯನ್ನು ಬಿಚ್ಚಬೇಕು. ಆದರೆ ಹಡಗಿಗೆ ಹೊಲಿದದ್ದನ್ನು ಬಿಚ್ಚುವ ಪದ್ಧತಿ ನಮ್ಮಲ್ಲಿಲ್ಲ. ಯಾರೂ ಬಿಚ್ಚಿಲ್ಲ. ಹೊಲಿದವಳನ್ನು ಕೇಳದೆ ಬಿಚ್ಚಲು ಮನಸ್ಸಾಗಲಿಲ್ಲ. ಇಸಬಕ್ಕನ ಮನೆಗೆ ಹೋದೆ. ಅವಳು ಮೊರದಲ್ಲಿ ಬಟ್ಟೆಯ ಚೂರುಗಳನ್ನು ಬಣ್ಣ ನೋಡಿ ಆರಿಸುತ್ತಿದ್ದಳು.

"ಆಗೂದಿಲ್ಲ" ಅಂದಳು, ನಾನು ಪೂರ್ತಿ ಹೇಳುವ ಮೊದಲೇ. "ಒಬ್ಬರನ್ನ ಬಿಚ್ಚಿದ್ರ ಹಡಗು ಸೋರ್ತದ. ಇಷ್ಟು ಮಂದಿ ಕೂಡಿ ಕೂತಾರ ಅಂತನ ನಾವು ಯಾರು ಅನ್ನೋದು ಮರ್ತಿಲ್ಲ. ಇವತ್ತ ನೀ ನಿಮ್ಮಜ್ಜಿನ್ನ ಇಳಿಸ್ತಿ, ನಾಳೆ ಇನ್ನೊಬ್ಬಾಕಿ ತನ್ನ ಗಂಡನ್ನ ಇಳಿಸ್ತಾಳ. ಆಮ್ಯಾಲ ಬರೇ ಹಡಗು ಉಳಿತದ. ಬರೇ ಹಡಗು ಏನ ನೆನಪಿಡ್ತದ?"

"ಅಕ್ಕ, ಅಜ್ಜಿ ಆ ಹಡಗಿನಾಗ ಬಂದಾಕಿ ಅಲ್ಲ."

"ಏನಂದಿ?"

"ಅಕಿ ಇದೇ ಕೇರ್ಯಾಗ ಹುಟ್ಟಿದಾಕಿ. ಇದೇ ಬಾವಿ ನೀರು ಕುಡದಾಕಿ. ಸಮುದ್ರ ಹೆಂಗಿರ್ತದ ಅಂತ ಅಕಿಗೆ ಗೊತ್ತೇ ಇರಲಿಲ್ಲ. ನಾವೇ ಹತ್ತಿಸೀವಿ ಅಕಿನ್ನ."

ಇಸಬಕ್ಕನ ಕೈ ಮೊರದಲ್ಲಿ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ. ಒಳಮನೆಯ ಕಡೆ ನೋಡಿದಳು, ಹಗ್ಗದ ಮೇಲೆ ಮಡಚಿ ಹಾಕಿದ ಅವಳ ಕೌದಿಯ ಕಡೆ. ಅದರಲ್ಲಿ ಒಂದು ಚೂರು ಹೂವಿನ ಫ್ರಾಕಿನದು. ಮಾಗ್ದು ಎಂಬ ಮಗಳದು. ನಡೆಯಲು ಕಲಿತ ವರ್ಷವೇ ಜ್ವರ ಬಂದು ಹೋದ ಮಗು, ನಾನು ಹುಟ್ಟುವುದಕ್ಕೆ ಎಷ್ಟೋ ಮುಂಚೆ. ಹಡಗಿನಲ್ಲಿ ಇಸಬಕ್ಕ ಯಾವಾಗಲೂ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡಿರುತ್ತಾಳೆ. ನಾವೆಲ್ಲ ನೋಡುತ್ತೇವೆ, ಬೆಳಿಗ್ಗೆ ಎದ್ದು ಆ ಮಾತು ಆಡುವುದಿಲ್ಲ.

"ಹಳೇ ಬಟ್ಟಿ ಅದು" ಅಂದಳು ಕೊನೆಗೆ, ಬೇರೆಯೇ ದನಿಯಲ್ಲಿ. "ಬಿಚ್ಚಿದ್ರ ಇನ್ನೊಂದ ಸಲ ಹೊಲಿಗಿ ತಡೀತದ. ಮೂರನೇದ್ದಕ್ಕ ಹರೀತದ. ವಾಪಸ ಹಡಗಿಗೆ ತರ್ತೀನಿ ಅಂದ್ರ ಆಗೂದಿಲ್ಲ. ತಿಳ್ಕೊಂಡ ಬಿಚ್ಚು."

ನಾನು ಹಗಲೆಲ್ಲ ಕೂತು, ಒಂದೊಂದೇ ಎಳೆ ಎತ್ತಿ, ಅಜ್ಜಿಯನ್ನು ಬಿಚ್ಚಿದೆ. ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳು ಇರುವೆ ಸಾಲಿನ ಹಾಗೆ ಉಳಿದವು. ನೀಲಿ ತುಂಡನ್ನು ಹೊಸ ಊರಿನ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಇಟ್ಟು, ನನ್ನ ಹಾಡು ಹಾಡುತ್ತ ಹೊಲಿದೆ. ಆ ಹೊಲಿಗೆಯಷ್ಟು ಸೊಟ್ಟ ಹೊಲಿಗೆಯನ್ನು ನಾನು ಚಿಕ್ಕವಳಿದ್ದಾಗಲೂ ಹಾಕಿರಲಿಲ್ಲ.

ಕಣ್ಣು ಮುಚ್ಚಿದ್ದೇ ಮಾತು ಕೇಳಿಸಿತು.

"ಇದೇನ ಊರ ಇದು, ಒಂದು ಗಿಡದ ನೆರಳಿಲ್ಲ!"

ಅಜ್ಜಿ ಮೆಟ್ಟಿಲ ಮೇಲೆ ನಿಂತಿದ್ದಳು, ಸೊಂಟಕ್ಕೆ ಕೈ ಇಟ್ಟು. ಒಂದು ವರ್ಷದ ಮೇಲೆ ಆ ದನಿ. ನಾನು ಓಡಿಹೋಗಿ ತಬ್ಬಿಕೊಂಡೆ. ಅವಳ ಮೈ ಬೆಚ್ಚಗಿತ್ತು. ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. "ಬಿಡ ಬಿಡ, ಕಾಲು ಜೋಮ ಹಿಡದಾವ" ಎಂದು ನನ್ನನ್ನು ಸರಿಸಿ, ಒಂದು ಕಾಲು ಚಾಚಿದಳು, ಇನ್ನೊಂದು ಚಾಚಿದಳು, ಆಮೇಲೆ ಬೀದಿಗಿಳಿದಳು. ಒಂದು ಮನೆಯ ಮುಂಬಾಗಿಲಿಂದ ಒಳಗೆ ಹೋಗಿ ಹೊರಗೆ ಬಂದಳು. ಪಕ್ಕದ ಮನೆಗೂ ಹಾಗೆಯೇ. ಬೀದಿಯ ಉದ್ದಕ್ಕೂ ಪ್ರತಿ ಮನೆಗೂ ಹೊಕ್ಕು ಹೊರಬಂದಳು, ಪ್ರತಿ ಸಲವೂ ನಗುತ್ತ. "ಬಿಸಿಲ ಕರ್ರಗ ಮಾಡೀ, ಶಾಣ್ಯಾಕಿ" ಅಂದಳು. ನಾನು ಮೆಟ್ಟಿಲ ಮೇಲೆ ಅವಳಿಗೆ ಜಾಗ ಬಿಟ್ಟು ಕೂತು, "ಬಾ ಅಜ್ಜಿ, ಕಥೆ ಹೇಳು" ಅಂದೆ.

ಅವಳು ಬೀದಿಯ ತುದಿಯನ್ನು ನೋಡುತ್ತಿದ್ದಳು. "ಆ ಕಡೆ ಏನೈತಿ?"

"ಏನೂ ಇಲ್ಲ. ಅಲ್ಲಿ ಅಂಚು. ಅದರ ಆಚೆ ನಾನು ಹೊಲಿದಿಲ್ಲ."

"ನೀ ಹೊಲಿದಿಲ್ಲ ಅಂದ್ರ ಏನೂ ಇಲ್ಲಂತೇನ? ನೋಡಿ ಬರ್ತೀನಿ ತಡಿ."

"ನಾನೂ ಬರ್ತೀನಿ."

"ನೀ ಹೊದ್ದು ಮಲಗಿದಾಕಿ, ಮಗಾ. ಕೌದಿ ಮುಗಿದಲ್ಲಿ ನಿನಗ ಎಚ್ಚರ ಆಗ್ತದ. ನನಗೇನು, ಸತ್ತಾಕಿಗೆ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಅವಳು ಅಷ್ಟು ಬಿರುಸಾಗಿ ನಡೆದದ್ದನ್ನು ನಾನು ಕಂಡೇ ಇರಲಿಲ್ಲ. ತುದಿ ತಲುಪಿದಾಗ ಒಮ್ಮೆ ತಿರುಗುತ್ತಾಳೆಂದು ಕಾದೆ. ಅವಳು ಅಂಚನ್ನು ಹೊಸ್ತಿಲು ದಾಟಿದ ಹಾಗೆ ದಾಟಿ ಹೋದಳು.

ಮರುದಿನ ಕಣ್ಣುಮುಚ್ಚಿದಾಗ ಅವಳು ಮೆಟ್ಟಿಲ ಮೇಲಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಕೌದಿಯಲ್ಲಿ ನೀಲಿ ತುಂಡು ಇದ್ದಲ್ಲೇ ಇತ್ತು. ಯಾರನ್ನು ಬಿಡಿಸಬೇಕೆಂದು ಇಷ್ಟೆಲ್ಲ ಮಾಡಿದೆನೋ ಅವಳು ಬಿಡುಗಡೆಯಾಗಿದ್ದಳು, ನನ್ನಿಂದಲೂ. ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ಹೊಟ್ಟೆ ಕಿಚ್ಚು ಆರಿ ಬರೀ ಹೊಟ್ಟೆ ಉಳಿಯಿತು, ಖಾಲಿಯಾಗಿ. ಕೇರಿಯವರು ಬೆಳಿಗ್ಗೆ ನನ್ನನ್ನು ಕೇಳುವುದನ್ನು ಬಿಟ್ಟರು. ಕೋಪಕ್ಕಲ್ಲ. ಹತ್ತದವಳನ್ನು ಇಳಿದೆಯಾ ಎಂದು ಏನು ಕೇಳುವುದು?

ಆ ವಾರವೇ ಒಂದು ದಿನ ಇಸಬಕ್ಕ ಬಂದಳು. ಕೂತಳು. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರುತ್ತಿದ್ದಳು.

"ಹಡಗು ಸೋರಲಿಲ್ಲ" ಅಂದಳು. "ಪಿಯಾದಜ್ಜಿ ಜಾಗ ಖಾಲಿ ಆತಲ್ಲ, ಅಕ್ಕಪಕ್ಕದವರು ಒಂಚೂರು ಕಾಲ ಚಾಚಿದ್ರು. ಅಷ್ಟ. ಅಲ್ಲಿ ಯಾರರ ಕಾಲ ಚಾಚಿದ್ದು ನಾ ನೋಡಿರಲಿಲ್ಲ." ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೇಳಿದಳು, "ಅಜ್ಜಿ ಸುಖದಿಂದ ಅದಾಳೇನ?"

ಸುಳ್ಳು ಹೇಳಬಹುದಿತ್ತು. "ಗೊತ್ತಿಲ್ಲಕ್ಕ. ಬಂದ ದಿನವೇ ಹೋದಳು. ಅಂಚು ದಾಟಿ. ತಿರುಗಿ ನೋಡಲಿಲ್ಲ."

"ನಿನ್ನ ಬಿಟ್ಟು?"

"ನನ್ನ ಬಿಟ್ಟು."

ಅವಳು ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹೂವಿನ ಫ್ರಾಕಿನ ಚೂರು. ಎಳೆ ಒಂದೂ ಹರಿಯದ ಹಾಗೆ ಬಿಚ್ಚಿದ್ದಳು. ಅಷ್ಟು ಚೊಕ್ಕವಾಗಿ ಅವಳೊಬ್ಬಳೇ ಬಿಚ್ಚಬಲ್ಲಳು.

"ಅಕ್ಕ, ಕೇಳಿದಿಯಲ್ಲ ನಾ ಹೇಳಿದ್ದು? ಅಲ್ಲಿ ಹೋದವರು ನಮಗಂತ ಕೂರೂದಿಲ್ಲ. ತೊಡಿಮ್ಯಾಲ ಅಂತೂ ಇಲ್ಲವೇ ಇಲ್ಲ."

"ಕಿವುಡಿ ಅಲ್ಲ ನಾ. ಓಡ್ತಾಳ ಅಂತಿ."

"ಓಡ್ತಾಳ."

"ಹಂಗಾದ್ರ ಆ ಕಡೆ ಅಂಚು ಬಿಚ್ಚಿ ದೊಡ್ಡ ಬಯಲು ಹೊಲಿ. ಮನಿ ಗಿನಿ ಬ್ಯಾಡ, ಎಡವ್ತಾಳ. ಕಲ್ಲು ಇಡಬ್ಯಾಡ."

"ನೀನೂ ನನ್ನ ಕೌದಿ ಹೊದ್ಕೋ ಬಾ. ನೋಡೀಯಂತ."

ಅವಳು ತಲೆಯಾಡಿಸಿದಳು. "ನಮ್ಮವ್ವ ಹಡಗಿನಾಗ ಅದಾಳ. ನನ್ನ ಗಂಡ ಅದಾನ. ಅವರ ಕೈ ಹಿಡಿಯಾಕ ಯಾರರ ಇರಬೇಕಲ್ಲ. ನೀ ನೋಡಿ ಬಂದು ಹೇಳು, ಸಾಕು."

ಇಬ್ಬರೂ ಜಗಲಿಯ ಮೇಲೆ ಕೂತು ಅಂಚು ಬಿಚ್ಚಿದೆವು. ಬಯಲಿಗೆ ನನ್ನಲ್ಲಿದ್ದ ಎಲ್ಲ ಹಸಿರೂ ಸಾಲಲಿಲ್ಲ, ಬಸ್ತ್ಯಾಂವ ಮಾವ ತನ್ನ ಹಳೆಯ ಹಸಿರು ಲುಂಗಿ ತಂದು ಎಸೆದು, "ತೊಳದು ಬೆವರು ತಗದೀನಿ, ನಾ ಅಲ್ಲಿ ಬರೂದಿಲ್ಲ, ಮೂಗ ಮುಚ್ಕೋಬ್ಯಾಡ್ರಿ" ಎಂದು ಹೋದ. ಫ್ರಾಕಿನ ಚೂರನ್ನು ಇಸಬಕ್ಕನೇ ಹೊಲಿದಳು. ಹಾಡು ನನ್ನದು. ಅವಳಿಗೆ ಬಾಯಿಪಾಠವಿರಲಿಲ್ಲ, ನಾನು ಒಂದು ಸಾಲು ಹೇಳಿದರೆ ಹಿಂದಿನಿಂದ ಒಂದು ಸಾಲು ಹೇಳುತ್ತಿದ್ದಳು. ಕೊನೆಯ ಹೊಲಿಗೆ ಹಾಕಿ ದಾರ ಕಡಿಯುವಾಗ ಹಲ್ಲು ಇಟ್ಟವಳು ಬಹಳ ಹೊತ್ತು ಕಡಿಯದೆ ಹಾಗೇ ಇದ್ದಳು. ಆಮೇಲೆ ಕಡಿದಳು.

ಆ ಊರಿನಲ್ಲಿ ನಾನು ಈಗಲೂ ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತೇನೆ. ಅಂಚೆ ಕಚೇರಿಯ ಕುರ್ಚಿ ಖಾಲಿ, ಬೆಂಚು ಖಾಲಿ. ಬಯಲಿನ ಕಡೆ ನೋಡುತ್ತೇನೆ, ಅದರ ಕೊನೆ ಕಾಣುವುದಿಲ್ಲ. ಬಯಲು ಹೊಲಿದ ಮರುದಿನ ಬೆಳಗಾದಾಗ ಇಸಬಕ್ಕ ನನ್ನ ಬಾಗಿಲ ಮುಂದೆ ನಿಂತಿದ್ದಳು, ಮುಖ ಕೂಡ ತೊಳೆದಿರಲಿಲ್ಲ.

"ಕಂಡಳೇನ?"

"ಇಲ್ಲಕ್ಕ. ಕಾಣಲಿಲ್ಲ. ದೂರದಿಂದ ಓಡೋ ಸದ್ದು ಕೇಳಿಸ್ತು."

"ಅಕಿದನ ಅಂತ ಹೆಂಗ ಹೇಳ್ತಿ?"

"ಬೇರೆ ಯಾರದ್ದಿರ್ತದ, ಅಕ್ಕ?"

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೇಳಲೋ ಬೇಡವೋ ಎಂದು ನಾನು ಒಂದು ಗಳಿಗೆ ಅಳುಕಿದೆ. ಆಮೇಲೆ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ.

"ಆದರ ಹೆಜ್ಜಿ ಕೂಸಿನವಲ್ಲಕ್ಕ. ದೊಡ್ಡಾಕಿ ಆಗ್ಯಾಳ."